ನಾಲ್ಕು ಗಂಟೆಯ ಲುಕುಮಾದೆಸ್

ಮಾರ್ಚ್ 3

ಇಪ್ಪತ್ತೆರಡು ವರ್ಷ ಸಮುದ್ರದ ಕೆಳಗೆ ಕೂತು, ಕಿವಿಗೆ ಬಿದ್ದದ್ದನ್ನೆಲ್ಲ ಗಂಟೆ ನಿಮಿಷದ ಸಮೇತ ಪುಸ್ತಕದಲ್ಲಿ ಬರೆದಿಟ್ಟ ಕೈ ಇದು. ಇವತ್ತಿನಿಂದ ಅದಕ್ಕೆ ಕೆಲಸವಿಲ್ಲ. ಅದಕ್ಕೇ ಹೆಂಡತಿ ಎವಾಂತಿಯಾಳ ಅಡುಗೆಮನೆಯ ಕಪಾಟಿನಿಂದ ಈ ನೋಟುಬುಕ್ಕನ್ನು ಕದ್ದೆ. ಮೊದಲ ಎರಡು ಹಾಳೆಯಲ್ಲಿ ಅವಳ ಬದನೆಕಾಯಿ ಅಡುಗೆಯ ವಿವರವಿದೆ. ಉಳಿದದ್ದು ನನ್ನದು.

ನೌಕಾಪಡೆಯ ಆಸ್ಪತ್ರೆಯಲ್ಲಿ ಡಾಕ್ಟರು ಎಡಗಿವಿಯೊಳಗೆ ಬೆಳಕು ಬಿಟ್ಟು ನೋಡಿದರು. ಕಿವಿಯ ತಮಟೆಯಲ್ಲಿ ತೂತು. ನೆಗಡಿ ಕಿವಿಗಿಳಿದು ಹೀಗಾಯಿತಂತೆ. "ಕೇಳಿಸೋದಕ್ಕೇನೂ ತೊಂದ್ರೆ ಇಲ್ಲ. ಆದ್ರೆ ಆರು ತಿಂಗಳು ಮುಳುಗೋ ಹಾಗಿಲ್ಲ" ಎಂದರು. ಅವರು ಹೇಳುವುದು ಸರಿ. ಜಲಾಂತರ್ಗಾಮಿ ತನ್ನ ಉಸಿರುಕೊಳವೆಯನ್ನು ನೀರಿನಿಂದ ಮೇಲಕ್ಕೆತ್ತಿ, ಡೀಸೆಲ್ ಎಂಜಿನ್ ಓಡಿಸಿ ಬ್ಯಾಟರಿ ತುಂಬಿಸಿಕೊಳ್ಳುವಾಗ ಒಂದು ಅಲೆ ಬಂದು ಕೊಳವೆಯ ಬಾಯಿ ಮುಚ್ಚಿದರೆ ಸಾಕು, ಎಂಜಿನ್ ಒಳಗಿನ ಗಾಳಿಯನ್ನೇ ಹೀರುತ್ತದೆ. ಮೂವತ್ತೈದು ಜನರ ಕಿವಿ ಒಟ್ಟಿಗೆ ಪಟ್ ಎನ್ನುತ್ತದೆ. ತೂತು ಬಿದ್ದ ಕಿವಿಗೆ ಅದು ಆಗಿಬರುವುದಿಲ್ಲ.

ನಮ್ಮ 'ಫೋರ್ಕಿಸ್' ಜಲಾಂತರ್ಗಾಮಿಯಿಂದ ನನ್ನನ್ನು 'ಕಾಲಿಮ್ನೋಸ್' ಎಂಬ ಫ್ರಿಗೇಟಿಗೆ ಹಾಕಿದ್ದಾರೆ. ನೀರಿನ ಮೇಲೆ ಓಡಾಡುವ ಹಡಗುಗಳನ್ನು ನಾವು ಕುರಿಗಳು ಎನ್ನುತ್ತೇವೆ. ಈಗ ಕುರಿಯ ಹೊಟ್ಟೆಯಲ್ಲಿ ಆರು ತಿಂಗಳು.

ಫೋರ್ಕಿಸ್‌ನ ಕಪ್ತಾನ ಫನೂರಿಸ್ ರೋಡ್ಸ್ ದ್ವೀಪದವರು. ಇಬ್ಬರೂ ಮೀಸೆ ಕಪ್ಪಗಿದ್ದ ಕಾಲದಿಂದ ಜೊತೆಗಿದ್ದೇವೆ. ನನ್ನ ನೀಲಿ ಲೋಟವನ್ನು ಚೀಲಕ್ಕೆ ಹಾಕಿಕೊಳ್ಳಲು ಹೋದಾಗ ಕೈ ಹಿಡಿದರು.

"ಅದು ಕೊಕ್ಕೆಯಲ್ಲೇ ಇರ್ಲಿ ಸ್ತಮಾತಿ. ವಾಪಸ್ ಬರೋನು ಲೋಟ ಯಾಕೆ ತಗೊಂಡ್ ಹೋಗ್ಬೇಕು?"

ಲೋಟವನ್ನು ಕೊಕ್ಕೆಯಲ್ಲೇ ಬಿಟ್ಟೆ. ಮನೆಗೆ ಬಂದು ಅಡುಗೆಮನೆಯಲ್ಲಿ ನಿಂತಾಗ ಎವಾಂತಿಯಾ ಬೆಚ್ಚಿ ಸೌಟು ಬೀಳಿಸಿದಳು. "ಬೆಕ್ಕಾದ್ರೂ ಮಿಯಾಂವ್ ಅನ್ನುತ್ತೆ. ಬಾಗಿಲು ತೆಗೆದದ್ದೂ ಗೊತ್ತಾಗಲ್ಲ, ಮುಚ್ಚಿದ್ದೂ ಗೊತ್ತಾಗಲ್ಲ" ಎಂದಳು. ಸದ್ದಿಲ್ಲದೆ ಬದುಕುವುದು ನನ್ನ ವೃತ್ತಿ ಎಂದು ಮದುವೆಗೆ ಮೊದಲೇ ಹೇಳಿದ್ದೆ.

ಇನ್ನು 184 ದಿನ.

ಮಾರ್ಚ್ 10

ಕಾಲಿಮ್ನೋಸ್ ಹಡಗಲ್ಲ, ಪಾತ್ರೆ ಅಂಗಡಿ. ಕಬ್ಬಿಣದ ಬಾಗಿಲುಗಳನ್ನು ಧಡಾರನೆ ಮುಚ್ಚುತ್ತಾರೆ. ಏಣಿಯ ಮೇಲೆ ಬೂಟು ಕಾಲಿನಲ್ಲಿ ಓಡುತ್ತಾರೆ. ಧ್ವನಿವರ್ಧಕದಲ್ಲಿ ದಿನಕ್ಕೆ ಇಪ್ಪತ್ತು ಸಲ ಯಾರನ್ನೋ ಕರೆಯುತ್ತಾರೆ, ಮತ್ತೆ ಯಾರೋ ಹಾಡುತ್ತಿರುತ್ತಾನೆ. ಫೋರ್ಕಿಸ್‌ನಲ್ಲಿ ಒಂದು ಚಮಚ ಕೆಳಗೆ ಬಿದ್ದರೆ ಬೀಳಿಸಿದವನು ಒಂದು ವಾರ ತಲೆ ತಗ್ಗಿಸಿ ಓಡಾಡುತ್ತಾನೆ.

ನೀರೊಳಗಿನ ಸದ್ದು ಕೇಳುವ ಇಲ್ಲಿನ ಸೋನಾರ್ ಕೋಣೆಗೆ ಅಧಿಕಾರಿ ಲೆಫ್ಟಿನೆಂಟ್ ಸೆವಾಸ್ತಿ. ಇಪ್ಪತ್ತೊಂಬತ್ತು ವರ್ಷ, ಮಿಲೋಸ್ ದ್ವೀಪದ ಹೆಣ್ಣುಮಗಳು. ಅಪ್ಪ ಫೆರ್ರಿಯಲ್ಲಿ ಹಗ್ಗ ಎಸೆಯುವ ಕೆಲಸದಲ್ಲಿದ್ದವರಂತೆ. ನಾನು ವರದಿ ಒಪ್ಪಿಸಿದರೆ, "ಏನಂದ್ರಿ?" ಎಂದು ಮೂರು ಸಲ ಕೇಳಿದಳು.

"ಪಿಸುಗುಟ್ಟಿದ್ರೆ ನಮಗ್ಯಾರಿಗೂ ಕೇಳ್ಸಲ್ಲ ಬಾರ್ಬಾ. ಇಲ್ಲಿ ನಮ್ಮನ್ನ ಯಾರೂ ಹುಡುಕ್ತಾ ಇಲ್ಲ."

"ಇಷ್ಟು ವರ್ಷ ನಾವು ಹುಡುಕ್ತಿದ್ವಲ್ಲ ಮೇಡಂ. ಏನೂ ಕಷ್ಟ ಆಗ್ತಿರ್ಲಿಲ್ಲ."

ಕೋಣೆಯಲ್ಲಿದ್ದವರೆಲ್ಲ ನಕ್ಕರು. ಅವಳೂ ನಕ್ಕಳು. ಆದರೆ ಬಾರ್ಬಾ ಎಂಬ ಹೆಸರು ಅಂಟಿಕೊಂಡುಬಿಟ್ಟಿತು. ನನ್ನೂರಲ್ಲಿ ಹಲ್ಲು ಬಿದ್ದ ಮೀನುಗಾರರನ್ನು ಬಾರ್ಬಾ ಎನ್ನುತ್ತಾರೆ. ನನಗಿನ್ನೂ ನಲವತ್ತಾರು.

ಚೀಲ ಬಿಚ್ಚಿಲ್ಲ. ಹಲ್ಲುಜ್ಜುವ ಬ್ರಷ್ಷು ಮತ್ತು ಟವೆಲ್ಲು ಮಾತ್ರ ಹೊರಗೆ. ಇನ್ನು 177 ದಿನ.

ಮಾರ್ಚ್ 25

ಹಬ್ಬ. ದಡದಲ್ಲಿ ಸ್ವಾತಂತ್ರ್ಯ ದಿನದ ಮೆರವಣಿಗೆ, ಹಡಗಿನಲ್ಲಿ ಹುರಿದ ಉಪ್ಪುಮೀನು ಮತ್ತು ಬೆಳ್ಳುಳ್ಳಿ ಚಟ್ನಿ. ಅಡುಗೆಯ ಅನೆಸ್ತಿಸ್ ಉತ್ತರದ ದ್ರಾಮಾ ಊರಿನ ದಢೂತಿ ಆಳು. ಬೆಳ್ಳುಳ್ಳಿಯನ್ನು ಬಕೆಟ್ಟಿನಲ್ಲಿ ಕುಟ್ಟುತ್ತಾನೆ. ಫೋರ್ಕಿಸ್‌ನ ಮುಚ್ಚಿದ ಗಾಳಿಯಲ್ಲಿ ಇಷ್ಟು ಬೆಳ್ಳುಳ್ಳಿ ತಿಂದರೆ ಕಪ್ತಾನರೇ ಹೊರಗೆ ದಬ್ಬುತ್ತಿದ್ದರು.

ಅಲ್ಲಿ ಹುರಿಯುವುದು, ಕರಿಯುವುದು ಏನೂ ಇಲ್ಲ. ಎಣ್ಣೆಯ ಹೊಗೆ ಹೋಗುವುದೆಲ್ಲಿಗೆ? ವರ್ಷಕ್ಕೆ ಒಂದೇ ಸಲ ಬಾಣಲೆ ಏರುತ್ತದೆ, ಆಗಸ್ಟ್ 27ರ ಮಧ್ಯಾಹ್ನ ನಾಲ್ಕಕ್ಕೆ. ಅದು ಸಂತ ಫನೂರಿಯೋಸ್ ದಿನ, ನಮ್ಮ ಕಪ್ತಾನರ ಹೆಸರಿನ ಹಬ್ಬ. ಹಬ್ಬ ಯಾರದೋ ಅವರೇ ಎಲ್ಲರಿಗೂ ತಿನ್ನಿಸಬೇಕಲ್ಲ. ನಾಲ್ಕಕ್ಕೆ ಪಾಳಿ ಬದಲಾಗುವಾಗ ಇಳಿಯುವವರು, ಏರುವವರು ಎಲ್ಲರೂ ಎದ್ದಿರುತ್ತಾರೆ. ಉಸಿರುಕೊಳವೆ ಎತ್ತಿ, ಎಂಜಿನ್ ಹೊಗೆ ಹೀರುವಾಗ ಅಡುಗೆಯ ಮಾರ್ಕೆಲ್ಲೋಸ್ ಉಬ್ಬಿದ ಹಿಟ್ಟಿನ ಲುಕುಮಾದೆಸ್ ಕರಿಯುತ್ತಾನೆ. ಜೇನು ಸುರಿದು, ಚಕ್ಕೆಪುಡಿ ಉದುರಿಸಿ, ಬಿಸಿಬಿಸಿಯಾಗಿ ತಲೆಗೆ ಎಂಟು ಉಂಡೆ. ಈ ಪದ್ಧತಿ ಶುರುಮಾಡಿದವನು ನಾನೇ, ಹನ್ನೊಂದು ವರ್ಷದ ಹಿಂದೆ.

ಅನೆಸ್ತಿಸ್ ಬೇಜಾರು ಮಾಡಿಕೊಳ್ಳಬಾರದೆಂದು ಮೀನನ್ನು ಮೂರು ಸಲ ಹಾಕಿಸಿಕೊಂಡೆ. 162.

ಏಪ್ರಿಲ್ 20

ಈಸ್ಟರ್ ಈ ಸಲ ಅವರ ಹಡಗಿನಲ್ಲಿ. ನನಗೆ ಪಾಳಿ ಬಿದ್ದಿತ್ತು. ಊಟದ ಮೇಜಿನಲ್ಲಿ ಕೆಂಪು ಮೊಟ್ಟೆಗೆ ಮೊಟ್ಟೆ ಕುಟ್ಟುವ ಪಂದ್ಯ. ಸೆವಾಸ್ತಿಯ ಮೊಟ್ಟೆ ನನ್ನದನ್ನು ಒಡೆಯಿತು, ಅನೆಸ್ತಿಸ್‌ನದನ್ನು ಒಡೆಯಿತು, ಕಮಾಂಡರ್ ಸಾಹೇಬರದನ್ನೂ ಒಡೆಯಿತು. ಹದಿನೇಳು ಮೊಟ್ಟೆ ಒಡೆದ ಮೇಲೂ ಅವಳದಕ್ಕೆ ಒಂದು ಗೀರಿಲ್ಲ.

ನಾನು ಅದನ್ನು ಕೇಳಿಸಿಕೊಂಡಿದ್ದೆ. "ಮೇಡಂ, ಆ ಮೊಟ್ಟೆ ಸದ್ದು ಸರಿಯಿಲ್ಲ" ಎಂದೆ.

"ಏನಂದ್ರಿ ಬಾರ್ಬಾ? ಜೋರಾಗಿ ಹೇಳಿ."

"ಅದು ಮರದ್ದು" ಎಂದು ಕೂಗಿದೆ.

ಮೇಜು ಬಿದ್ದುಬಿದ್ದು ನಕ್ಕಿತು. ಅವಳು ಮೊಟ್ಟೆಯನ್ನು ಜೇಬಿಗೆ ಹಾಕಿಕೊಂಡು, "ಮೂರು ವರ್ಷದಿಂದ ಗೆದ್ದಿದ್ದೆ. ಇಷ್ಟು ಜನರಲ್ಲಿ ಯಾರಿಗೂ ಕಿವಿ ಇರ್ಲಿಲ್ಲ" ಎಂದಳು. ಕುರಿಗಳು ಕೆಟ್ಟ ಜನವೇನಲ್ಲ.

ಚಪ್ಪಲಿ ಮತ್ತು ದಿಂಬು ಹೊರಗೆ ತೆಗೆದೆ. ಕುತ್ತಿಗೆ ನೋಯುತ್ತಿತ್ತು, ಅಷ್ಟಕ್ಕೇ. 136.

ಮೇ 14

ಸಲಾಮಿನಾ ನೆಲೆಯಲ್ಲಿ ಫೋರ್ಕಿಸ್ ನಮ್ಮ ಪಕ್ಕದಲ್ಲೇ ಹಾದು ಹೊರಟಿತು. ಬೆನ್ನಿನ ಮೇಲೆ ಮಾರ್ಕೆಲ್ಲೋಸ್ ನಿಂತಿದ್ದ. ನನ್ನನ್ನು ನೋಡಿ ಬಾಯಿಗೆ ಕೈಯಿಟ್ಟು, "ಏನೋ ಕುರಿ, ಹುಲ್ಲು ಚೆನ್ನಾಗಿದ್ಯಾ?" ಎಂದು ಕೂಗಿದ.

"ನನ್ನ ಲೋಟ?"

"ಕೊಕ್ಕೇಲಿ ಒಣಗ್ತಾ ಇದೆ. ದಿನಾ ನಮಸ್ಕಾರ ಮಾಡ್ತಿದೀವಿ."

ಅದು ಬಂದರಿನ ಬಾಯಿ ದಾಟಿ ಮರೆಯಾಗುವವರೆಗೂ ನೋಡುತ್ತಾ ನಿಂತೆ. 112 ದಿನ. ಪ್ರತಿಯೊಂದೂ ಎಣಿಸಿದ್ದೇನೆ.

ಜೂನ್ 19

ಸೆಕೆ. ಎಷ್ಟು ದಿನ ಉಳಿದಿದೆಯೋ ನಾಳೆ ಲೆಕ್ಕ ಹಾಕಬೇಕು.

ಜುಲೈ 21

ಒಂದು ತಿಂಗಳು ಬರೆಯಲಾಗಲಿಲ್ಲ. ಕೆಲಸ ಹೆಚ್ಚು. ಸೆವಾಸ್ತಿಗೆ ಕೇಳಿಸಿಕೊಳ್ಳುವುದನ್ನು ಕಲಿಸುತ್ತಿದ್ದೇನೆ. ಇಲ್ಲಿನವರು ಪರದೆಯ ಮೇಲಿನ ಗೆರೆ ನೋಡುತ್ತಾರೆ, ಸಮುದ್ರವನ್ನು ಕೇಳುವುದಿಲ್ಲ. ಕಣ್ಣು ಮುಚ್ಚಿ ಕೂರಿ ಎಂದೆ. ಸೀಗಡಿಗಳು ಕಲ್ಲಿನ ಸಂದಿಯಲ್ಲಿ ಚಟಪಟ ಎನ್ನುವುದು, ಮೀನುದೋಣಿಯ ಬಲೆ ತಳಕ್ಕೆ ಉಜ್ಜುವುದು, ಡಾಲ್ಫಿನ್ನುಗಳ ಹರಟೆ, ಎಲ್ಲವನ್ನೂ ಬೇರೆ ಬೇರೆ ಮಾಡಿ ತೋರಿಸಿದೆ.

ಒಂದು ವಿಷಯದಲ್ಲಿ ಮಾತ್ರ ಅವಳು ನನ್ನ ಗುರು. ಫೆರ್ರಿಗಳು. ಹೆಡ್‌ಫೋನ್ ಕಿವಿಗಿಟ್ಟು ಎರಡೇ ಕ್ಷಣದಲ್ಲಿ ಯಾವ ಫೆರ್ರಿ, ಎಷ್ಟು ಎಂಜಿನ್, ಯಾವ ದ್ವೀಪಕ್ಕೆ, ಎಷ್ಟು ತಡವಾಗಿ ಹೋಗುತ್ತಿದೆ ಎಂದು ಹೇಳಿಬಿಡುತ್ತಾಳೆ. ಅಪ್ಪ ಮನೆಗೆ ಬರುವ ಹೊತ್ತು ತಿಳಿಯಲು ಚಿಕ್ಕಂದಿನಲ್ಲಿ ದಿಂಬಿಗೆ ಕಿವಿಯಿಟ್ಟು ಕೇಳುತ್ತಿದ್ದಳಂತೆ. ನಮ್ಮ ಸೋನಾರ್ ಕೋಣೆ ಈಗ ಪರವಾಗಿಲ್ಲ.

ಅನೆಸ್ತಿಸ್ ಈರುಳ್ಳಿ ತುಂಬಲು ಚೀಲ ಕೇಳಿದ. ನನ್ನದು ಖಾಲಿ ಬಿದ್ದಿತ್ತು, ಕೊಟ್ಟೆ.

ಆಗಸ್ಟ್ 18

ಆದೇಶ ಬಂತು. 24ರಿಂದ 27ರವರೆಗೆ ಹಿಡ್ರಾ ಮತ್ತು ಮಿಲೋಸ್ ದ್ವೀಪಗಳ ನಡುವೆ ಯುದ್ಧಾಭ್ಯಾಸ. ಕಾಲಿಮ್ನೋಸ್ ಒಂದು ಸರಕು ಹಡಗನ್ನು ಕಾಯಬೇಕು. ಒಂದು ಜಲಾಂತರ್ಗಾಮಿ ಅದನ್ನು ಹೊಡೆಯಲು ಬರುತ್ತದೆ. ಹೊಡೆದೆ ಎನ್ನುವುದಕ್ಕೆ ಗುರುತಾಗಿ ನೀರಿನೊಳಗಿಂದ ಹಸಿರು ಬೆಳಕಿನ ಬಾಣ ಹಾರಿಸುತ್ತದೆ. ಕಾಲಿಮ್ನೋಸ್ ಈ ಆಟದಲ್ಲಿ ಐದು ವರ್ಷದಿಂದ ಒಂದು ಸಲವೂ ಗೆದ್ದಿಲ್ಲ. ನೆಲೆಯಲ್ಲಿ ನಮಗೆ ಕಿವುಡಿ ಎಂದು ಹೆಸರು.

ಜಲಾಂತರ್ಗಾಮಿ ಯಾವುದು ಎಂದು ಕೇಳಿದೆ. ಫೋರ್ಕಿಸ್.

ಆಗಸ್ಟ್ 24, ಭಾನುವಾರ

ಬೆಳಗಿನ ಕಾಫಿ ಮುಗಿಯುವ ಮೊದಲೇ ಸರಕು ಹಡಗಿನ ಹಿಂದುಗಡೆ ಹಸಿರು ಬಾಣ. ಫನೂರಿಸ್ ಎಂದರೆ ಫನೂರಿಸ್. ಹೆಮ್ಮೆಯಿಂದ ಎದೆ ಉಬ್ಬಿತು. ಯಾರೂ ನೋಡದ ಹಾಗೆ ಮೀಸೆಯೊಳಗೇ ನಕ್ಕೆ.

ಆಮೇಲೆ ನೆನಪಾಯಿತು. ಅಭ್ಯಾಸದ ಕೊನೆಯ ದಿನ 27. ಹಬ್ಬ. ನಾಲ್ಕು ಗಂಟೆ. ಬಾಣಲೆ. ಉಸಿರುಕೊಳವೆ ಮೇಲೆ, ಡೀಸೆಲ್ ಎಂಜಿನ್ ಗುಡುಗುಡು. ಬ್ಯಾಟರಿಯಲ್ಲಿ ಓಡುವಾಗ ಫೋರ್ಕಿಸ್ ಸದ್ದಿಲ್ಲದ ಮೀನು, ಎಂಜಿನ್ ಓಡಿಸುವಾಗ ಮಾತ್ರ ಅದನ್ನು ಕೇಳಬಹುದು. ಮಿಕ್ಕ ದಿನ ಯಾವ ಹೊತ್ತಿಗೆ ಎಲ್ಲಿ ಎತ್ತುತ್ತಾರೋ ದೇವರಿಗೇ ಗೊತ್ತು. ಆದರೆ 27ರ ನಾಲ್ಕು ಗಂಟೆ ನನಗೂ ಗೊತ್ತು.

ಹೇಳುವುದಿಲ್ಲ. ಆ ಉಂಡೆಗಳನ್ನು ಹನ್ನೊಂದು ವರ್ಷ ತಿಂದಿದ್ದೇನೆ.

ಆಗಸ್ಟ್ 25

ಮತ್ತೆ ಹಸಿರು ಬಾಣ. ಈ ಸಲ ಮಧ್ಯಾಹ್ನ ಊಟದ ಹೊತ್ತಿಗೆ. ಊಟದ ಮನೆಯಲ್ಲಿ ಯಾರೂ ಮಾತಾಡಲಿಲ್ಲ, ಹಾಡುವವನೂ ಹಾಡಲಿಲ್ಲ. ಬಾಗಿಲುಗಳನ್ನು ಕೂಡ ಮೆಲ್ಲಗೆ ಮುಚ್ಚುತ್ತಿದ್ದರು. ಇಷ್ಟು ನಿಶ್ಶಬ್ದವಾದ ಹಡಗನ್ನು ಆರು ತಿಂಗಳಿಂದ ಬಯಸಿದ್ದೆ. ಸಿಕ್ಕಾಗ ತುತ್ತು ಇಳಿಯಲಿಲ್ಲ.

ಸೆವಾಸ್ತಿ ಮನೆಯಿಂದ ತಂದ ಒಣ ಅಂಜೂರದ ಡಬ್ಬಿಯನ್ನು ನನ್ನ ಕಡೆ ತಳ್ಳಿದಳು. "ನಿಮ್ಮ ಹಳೇ ಜನ. ಏನಾದ್ರೂ ಒಂದು ಅಭ್ಯಾಸ ಇರುತ್ತಲ್ಲ ಬಾರ್ಬಾ? ಏನಾದ್ರೂ?"

"ಪುಸ್ತಕದಲ್ಲಿ ಇರೋದೇ ನಂಗೂ ಗೊತ್ತು ಮೇಡಂ" ಎಂದೆ. ಆರು ಅಂಜೂರ ತಿಂದೆ, ಒಂದೂ ರುಚಿಸಲಿಲ್ಲ.

ಆಗಸ್ಟ್ 26

ಇವತ್ತು ಬಾಣ ಹಾರಲಿಲ್ಲ, ನಮಗೂ ಏನೂ ಸಿಗಲಿಲ್ಲ. ಅನೆಸ್ತಿಸ್ ಬಂದು ನಾಳೆ ಫನೂರೋಪಿತಾ ಮಾಡುತ್ತೇನೆ ಎಂದು ಸಾರಿದ. ಕಳೆದದ್ದು ಸಿಗಲಿ ಎಂದು ಸಂತ ಫನೂರಿಯೋಸ್‌ಗೆ ಹರಸಿಕೊಂಡು ಮಾಡುವ ಕೇಕು ಅದು. ನನ್ನ ಅಜ್ಜಿ ಕಳೆದ ಮೇಕೆಗೂ ಮಾಡುತ್ತಿದ್ದಳು, ಕಳೆದ ಬೀಗದ ಕೈಗೂ ಮಾಡುತ್ತಿದ್ದಳು. ಯುದ್ಧನೌಕೆಯಲ್ಲಿ ಜಲಾಂತರ್ಗಾಮಿ ಸಿಗಲೆಂದು ಮಾಡಿದ್ದನ್ನು ನಾನು ಕೇಳಿಲ್ಲ.

"ಕಳೆದೋಗಿದ್ದು ನಮ್ಮದಾಗಿರ್ಬೇಕಲ್ಲಯ್ಯಾ" ಎಂದೆ.

"ನಮ್ಮ ನೌಕಾಪಡೆದು ತಾನೆ? ಸಂತರು ಅಷ್ಟೆಲ್ಲ ನೋಡಲ್ಲ ಬಾರ್ಬಾ" ಎಂದ.

ಮಲಗಿದರೆ ಬೇರೊಂದು ಯೋಚನೆ ಕೊರೆಯುತ್ತಿದೆ. ನಾನು ಈ ಹಡಗಿನಲ್ಲಿರುವುದು ಫನೂರಿಸ್‌ಗೆ ಗೊತ್ತು. ನಾಲ್ಕು ಗಂಟೆಯ ಗುಟ್ಟು ನನಗೆ ಗೊತ್ತು ಎಂಬುದೂ ಗೊತ್ತು. ನಾಳೆ ನಾಲ್ಕಕ್ಕೆ ಅವರು ಬಾಣಲೆ ಇಟ್ಟರೆ, ಸ್ತಮಾತಿ ಬಾಯಿ ಬಿಡುವುದಿಲ್ಲ, ಅವನು ನಮ್ಮವನೇ ಎಂದು ನಂಬಿದ್ದಾರೆ ಎಂದರ್ಥ. ಇಡದಿದ್ದರೆ ನನ್ನನ್ನು ಬಿಟ್ಟುಕೊಟ್ಟಿದ್ದಾರೆ ಎಂದರ್ಥ.

ಆಗಸ್ಟ್ 27

ಕೈ ಇನ್ನೂ ಜೇನಿನಿಂದ ಅಂಟಂಟು. ಹಾಳೆಗೆ ಹತ್ತುತ್ತಿದೆ, ಹತ್ತಲಿ.

ಬೆಳಿಗ್ಗೆಯಿಂದ ಉತ್ತರದ ಗಾಳಿ, ಸಮುದ್ರದ ತುಂಬ ಬಿಳಿ ನೊರೆ. ಇಂಥ ನೊರೆಯಲ್ಲಿ ಬಕೆಟ್ಟಿನಷ್ಟು ದಪ್ಪದ ಉಸಿರುಕೊಳವೆ ಯಾವ ರೇಡಾರಿಗೂ ಕಾಣುವುದಿಲ್ಲ. ಕೇಳಿದರೆ ಮಾತ್ರ ಸಿಗಬೇಕು. ಹನ್ನೊಂದಕ್ಕೆ ಅನೆಸ್ತಿಸ್ ಕೇಕನ್ನು ನಾವಿಕರನ್ನು ಕಾಯುವ ಸಂತ ನಿಕೋಲಾಸ್‌ನ ಪಟದ ಮುಂದಿಟ್ಟ. ಎಣ್ಣೆ, ಕಿತ್ತಳೆ ರಸ, ಚಕ್ಕೆ, ವಾಲ್‌ನಟ್, ಒಣದ್ರಾಕ್ಷಿ, ಹಿಟ್ಟು, ಸಕ್ಕರೆ, ಬೆರಳು ಮಡಿಚಿ ಏಳು ಸಾಮಾನು ಎಣಿಸಿ ಒಪ್ಪಿಸಿದ. ಸಂತ ಫನೂರಿಯೋಸ್‌ನ ತಾಯಿ ದೊಡ್ಡ ಪಾಪಿಯಾಗಿದ್ದಳಂತೆ. ಎಲ್ಲರೂ ಪದ್ಧತಿಯ ಪ್ರಕಾರ, "ಸಂತನ ತಾಯಿಯ ಪಾಪ ದೇವರು ಮನ್ನಿಸಲಿ" ಎಂದು ಒಂದೊಂದು ತುಂಡು ತೆಗೆದುಕೊಂಡರು. ನನ್ನ ಸರದಿ ಬಂದಾಗ ನಾಲಿಗೆ ಹೊರಳಲಿಲ್ಲ. ಆ ತಾಯಿಯ ಪಾಪಕ್ಕಿಂತ ನನ್ನದೇ ದೊಡ್ಡದಾಗಿತ್ತು. ತುಂಡನ್ನು ಕರವಸ್ತ್ರದಲ್ಲಿ ಕಟ್ಟಿ ಜೇಬಿಗಿಟ್ಟೆ.

ನಾಲ್ಕಕ್ಕೆ ಐದು ನಿಮಿಷವಿರುವಾಗ ಹೆಡ್‌ಫೋನ್ ಕಿವಿಗಿಟ್ಟೆ. ಕೇಳಿಸಿದರೆ ಬಾಯಿ ಬಿಡುವೆನೋ ಇಲ್ಲವೋ ನನಗೇ ಗೊತ್ತಿರಲಿಲ್ಲ. ಎರಡು ದೋಣಿಯಲ್ಲಿ ಕಾಲಿಟ್ಟವನ ಪಾಡು ನನ್ನದಾಗಿತ್ತು. ನಾಲ್ಕಾಯಿತು. ಸೀಗಡಿ, ಅಲೆ, ಗಾಳಿ. ನಾಲ್ಕೂ ಐದು. ದೂರದಲ್ಲಿ ಒಂದು ಮೀನುದೋಣಿ. ನಾಲ್ಕೂಕಾಲು. ಏನಿಲ್ಲ.

ಎಂಜಿನ್ ಕೂಗಲಿಲ್ಲ.

ಇಪ್ಪತ್ತೆರಡು ವರ್ಷ. ಒಂದು ಕಿವಿ ಹೋದದ್ದೇ ತಡ, ನಾನು ಪರಕೀಯನಾದೆ. ಮೊದಲು ದುಃಖವಾಯಿತು, ಆಮೇಲೆ ಅದಕ್ಕಿಂತ ದೊಡ್ಡದಾಗಿ ಸಿಟ್ಟು ಬಂತು. ನಾನು ಇಲ್ಲಿ ಅನ್ನ ನೀರು ಬಿಟ್ಟು ಅವರ ಗುಟ್ಟು ಕಾಯುತ್ತಿದ್ದರೆ, ಅವರು ಬಾಣಲೆಯನ್ನೇ ನನ್ನಿಂದ ಬಚ್ಚಿಟ್ಟರು. ಹೆಡ್‌ಫೋನ್ ತೆಗೆದು ಸೆವಾಸ್ತಿಯ ಮುಂದೆ ಎಲ್ಲವನ್ನೂ ಹೇಳಿಬಿಟ್ಟೆ. ಹಬ್ಬ, ನಾಲ್ಕು ಗಂಟೆ, ಲುಕುಮಾದೆಸ್, ಎಲ್ಲ.

ಅವಳು ಕುರ್ಚಿಯನ್ನು ನನ್ನ ಕಡೆ ತಿರುಗಿಸಿದಳು. "ಭಾನುವಾರದಿಂದ ಗೊತ್ತಿತ್ತಾ?"

"ಗೊತ್ತಿತ್ತು."

"ಗೊತ್ತಿಟ್ಕೊಂಡೇ ನನ್ನ ಅಂಜೂರ ತಿಂದ್ರಾ?"

"ಆರು."

"ಬೈಯೋದು ಆಮೇಲೆ ಇರ್ಲಿ. ಈಗ ಹೇಳಿ, ಈ ವರ್ಷ ಕರಿಯೋದೇ ಇಲ್ವಾ ಅವರು?"

ಆಗ ನನ್ನ ತಲೆ ಓಡತೊಡಗಿತು. "ಕರೀದೆ ಇರಲ್ಲ. ಮಾರ್ಕೆಲ್ಲೋಸ್ ಬೆಳಿಗ್ಗೇನೇ ಹಿಟ್ಟು ಕಲಸಿ ಉಬ್ಬೋಕೆ ಇಡ್ತಾನೆ. ಈ ಸೆಕೆಗೆ ಅದು ಸಂಜೆವರೆಗೆ ತಡೆಯಲ್ಲ, ಹುಳಿ ಬಂದ್ಬಿಡುತ್ತೆ. ಆರು ಗಂಟೆಯೊಳಗೆ ಬಾಣಲೆ ಏರ್ಲೇಬೇಕು. ಆದ್ರೆ ನಮ್ಗೆ ಕೇಳಿಸ್ಬಾರ್ದು ಅಂದ್ರೆ ಯಾವ್ದಾದ್ರೂ ದೊಡ್ಡ ಸದ್ದಿನ ಮರೆ ಬೇಕು."

"ಮಿಲೋಸ್ ಫೆರ್ರಿ" ಎಂದಳು. ಯೋಚಿಸಲೂ ಇಲ್ಲ. "ಕಾಗದದ ಪ್ರಕಾರ ಇಲ್ಲಿ ದಾಟೋದು ಐದಕ್ಕೆ. ಆದ್ರೆ ಆಗಸ್ಟ್ ಕೊನೆ, ಪಿರೇಯಸ್ ಬಂದರಲ್ಲಿ ಕಾರು ಹತ್ತಿಸಿ ಮುಗ್ಸೋಷ್ಟರಲ್ಲಿ ಅರ್ಧ ಗಂಟೆ ತಡ. ಐದೂವರೆ."

ಇಬ್ಬರೂ ಕಮಾಂಡರ್ ಹತ್ತಿರ ಓಡಿದೆವು. ಅವರು ಪೂರ್ತಿ ಕೇಳಿ, "ಅಂದ್ರೆ ನನ್ನ ಹಡಗನ್ನ ನಿಲ್ಸಿ ಬೋಂಡಾ ಕರಿಯೋ ಸದ್ದು ಕಾಯ್ಬೇಕು" ಎಂದರು. ಹೌದು ಎಂದೆವು. ಎಂಜಿನ್ ನಿಲ್ಲಿಸಿದರು. ಆ ಮೇಲೆ ಧ್ವನಿವರ್ಧಕವಿಲ್ಲ, ಬೂಟಿಲ್ಲ, ಬಾಗಿಲಿಲ್ಲ. ಇನ್ನೂರು ಜನ ಬರಿಗಾಲಿನಲ್ಲಿ ನಿಂತರು. ಅನೆಸ್ತಿಸ್ ಒಲೆಯ ಮೇಲಿನ ಪಾತ್ರೆಯನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದನಂತೆ, ಕೆಳಗಿಟ್ಟರೆ ಸದ್ದಾದೀತೆಂದು.

ಐದೂ ಮೂವತ್ತೆರಡಕ್ಕೆ ಫೆರ್ರಿ ಬಂತು. ಕಿವಿ ತುಂಬ ಅದರದೇ ಆರ್ಭಟ. ಒಂದು ಹೆಡ್‌ಫೋನ್ ನನಗೆ, ಇನ್ನೊಂದು ಅವಳಿಗೆ. ಕಣ್ಣು ಮುಚ್ಚಿದ್ದಳು. ಐದೂ ನಲವತ್ತಕ್ಕೆ ನನ್ನ ತೋಳು ಹಿಡಿದಳು.

"ಈ ಫೆರ್ರಿಗೆ ನಾಲ್ಕು ಎಂಜಿನ್ನು. ನಂಗೆ ಐದು ಕೇಳಿಸ್ತಿದೆ."

ಆಗ ನನಗೂ ಸಿಕ್ಕಿತು. ಫೆರ್ರಿಯ ಹಿಂದೆ, ಒಂದು ಮೈಲಿ ಬಿಟ್ಟು, ನನ್ನ ಅಮ್ಮನ ಹೊಲಿಗೆ ಯಂತ್ರದ ಹಾಗೆ ಒಂದು ಹೊಡೆತ ಬಿಟ್ಟು ಓಡುವ ಸದ್ದು. ಫೋರ್ಕಿಸ್‌ನ ಮೂರನೇ ಎಂಜಿನ್. ಅದು ಕುಂಟುತ್ತದೆ, ರಿಪೇರಿ ಮಾಡಿಸಿ ಎಂದು ಆರು ವರ್ಷ ನಾನೇ ಬಡಿದುಕೊಂಡಿದ್ದೆ, ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ.

"ಸಿಕ್ಕಿದ್ರು, ನಮಗೆ ಸಿಕ್ಕಿದ್ರು" ಎಂದು ಕೂಗಿದೆ. ಆ ಕೂಗು ಮೇಲಿನ ಡೆಕ್ಕಿನವರೆಗೂ ಕೇಳಿಸಿತಂತೆ. ದಿಕ್ಕು ಹೇಳಿದೆ, ದೂರ ಹೇಳಿದೆ, ಅವಳು ಪರದೆಯಲ್ಲಿ ಗುರುತು ಹಾಕಿದಳು. ನೀರೊಳಗಿನ ದೂರವಾಣಿಯಲ್ಲಿ ಕಮಾಂಡರ್, "ಫೋರ್ಕಿಸ್, ಮೇಲೆ ಬನ್ನಿ, ತಿಂಡಿ ಆರಿಹೋಗುತ್ತೆ" ಎಂದರು. ಹಡಗಿನ ಇನ್ನೂರು ಜನ ಕುಣಿದರು. ಅಷ್ಟು ಸದ್ದು ನಾನು ಜೀವಮಾನದಲ್ಲಿ ಕೇಳಿಲ್ಲ, ಅದರಲ್ಲಿ ಅರ್ಧ ನನ್ನದೇ.

ಆರೂವರೆಗೆ ರಬ್ಬರ್ ದೋಣಿಯಲ್ಲಿ ಫನೂರಿಸ್ ತಾವೇ ಬಂದರು. ಕೈಯಲ್ಲಿ ಒಂದು ದೊಡ್ಡ ತಟ್ಟೆ, ತುಂಬ ಲುಕುಮಾದೆಸ್. ಅವರನ್ನು ನೋಡಿದ್ದೇ ನನ್ನ ಸಿಟ್ಟು ಮತ್ತೆ ಕುದಿಯಿತು.

"ಹಬ್ಬದ ಶುಭಾಶಯ ಕಪ್ತಾನರೇ. ನೂರು ವರ್ಷ ಬಾಳಿ. ನನ್ನ ಮೇಲೆ ಅಷ್ಟೂ ನಂಬಿಕೆ ಇರ್ಲಿಲ್ವಲ್ಲ?"

"ಏನು ನಂಬಿಕೆ?"

"ನಾಲ್ಕಕ್ಕೆ ಬಾಣಲೆ ಇಡ್ಲಿಲ್ಲ ನೀವು. ನಾನು ಹೇಳ್ಬಿಟ್ಟಿರ್ತೀನಿ ಅಂದ್ಕೊಂಡ್ರಿ."

"ಅಂದ್ಕೊಂಡೆ. ಭಾನುವಾರವೇ ಹೇಳಿರ್ತೀಯ ಅಂದ್ಕೊಂಡೆ. ಹೇಳ್ಲಿಲ್ವಾ?"

"ನಾಲ್ಕೂಕಾಲರವರೆಗೆ ಹೇಳ್ಲಿಲ್ಲ" ಎಂದೆ, ಎದೆಯುಬ್ಬಿಸಿ.

ಅವರು ನನ್ನನ್ನೇ ನೋಡಿದರು. ಕೋಪದಿಂದಲ್ಲ. "ಸ್ತಮಾತಿ, ನಾನು ನಾಲ್ಕು ದಿನ ಈ ಹಡಗಿಗೆ ಹೆದರಿಕೊಂಡೇ ಓಡಾಡ್ದೆ. ಯಾಕ್ಗೊತ್ತಾ? ಒಳಗೆ ನೀನಿದೀಯ ಅಂತ. ಇದರ ಊಟ ಉಂಡು ನನ್ನ ಗುಟ್ಟು ಕಾಯೋನಾದ್ರೆ, ನಾಳೆ ನನ್ನ ಹತ್ರ ಇದ್ದಾಗ ಯಾರ ಗುಟ್ಟು ಕಾಯ್ತೀಯ? ಯಾವ ಹಡಗಲ್ಲಿದೀಯೋ ಅದರವನಾಗಿರ್ತೀಯ, ನಾನು ನಂಬಿದ್ದು ಅದನ್ನ."

ನಾಚಿಕೆಯಾಯಿತು. ನನ್ನ ಬಗ್ಗೆ ನನಗಿದ್ದುದಕ್ಕಿಂತ ಒಳ್ಳೆಯ ಅಭಿಪ್ರಾಯ ಅವರಿಗಿತ್ತು. ಏನು ಹೇಳಬೇಕೋ ತಿಳಿಯದೆ ಜೇಬಿನಿಂದ ಕೇಕಿನ ತುಂಡು ತೆಗೆದು ಅರ್ಧ ಅವರಿಗೆ ಕೊಟ್ಟೆ, ಅರ್ಧ ನಾನು ತಿಂದೆ. "ಸಂತನ ತಾಯಿಯ ಪಾಪ ದೇವರು ಮನ್ನಿಸಲಿ" ಎಂದೆವು ಇಬ್ಬರೂ. ಯಾವ ಕೇಕು ಇದು ಎಂದು ಕೇಳಿದರು. ಅನೆಸ್ತಿಸ್ ವಿವರಿಸಿದ.

"ನನ್ನ ಹೆಸರಿನ ಸಂತನೇ, ನನ್ನ ಹಬ್ಬದ ದಿನವೇ, ನನ್ನ ಹಿಡ್ಕೊಟ್ಟನಲ್ಲಯ್ಯಾ" ಎಂದು ಫನೂರಿಸ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಹೊರಡುವಾಗ ಕೋಟಿನ ಜೇಬಿನಿಂದ ನನ್ನ ನೀಲಿ ಲೋಟ ತೆಗೆದು ಕೈಯಲ್ಲಿಟ್ಟರು. ಅದರಲ್ಲೂ ಎಂಟು ಉಂಡೆ. "ನಿನ್ನ ಪಾಲು. ಇಲ್ಲೂ ಕಾಫಿ ಕುಡೀಬೇಕಲ್ಲ" ಎಂದರು. ಒಳ್ಳೆಯ ಉಪಕಾರ ಮಾಡಿದರು. ಇಲ್ಲಿನ ಗಾಜಿನ ಲೋಟಗಳು ಬಾಯಿಗೆ ಹಿತವಾಗಿರುವುದಿಲ್ಲ.

ಸೆವಾಸ್ತಿ ನಾಲ್ಕು ಉಂಡೆ ಕಿತ್ತುಕೊಂಡಳು. ಅಂಜೂರದ ಬಾಕಿ ಇನ್ನೂ ಎರಡು ಇದೆಯಂತೆ.

ಸೆಪ್ಟೆಂಬರ್ 3

ಡಾಕ್ಟರು ಮತ್ತೆ ಬೆಳಕು ಬಿಟ್ಟು ನೋಡಿದರು. ತೂತು ಮುಚ್ಚಿದೆ. "ಅಭಿನಂದನೆ. ಮತ್ತೆ ಮುಳುಗಬಹುದು" ಎಂದು ಕಾಗದಕ್ಕೆ ಸಹಿ ಹಾಕಿದರು. ಎಲ್ಲಿಗೆ ಹೋಗಬೇಕು ಎಂಬ ಜಾಗವನ್ನು ನಾನೇ ತುಂಬಬೇಕು. ಸಂತೋಷವಾಯಿತು. ಆರು ತಿಂಗಳು ಕಾದದ್ದು ಇದಕ್ಕೇ ಅಲ್ಲವೇ? ಪೆನ್ನು ತೆಗೆದೆ. ಆದರೆ ಅವಸರವೇನಿದೆ ಎನ್ನಿಸಿತು. ನವೆಂಬರಿನಲ್ಲಿ ಇನ್ನೊಂದು ಅಭ್ಯಾಸವಿದೆ, ಸೆವಾಸ್ತಿಗೆ ಡಾಲ್ಫಿನ್ನಿಗೂ ಕೆಟ್ಟ ಬೇರಿಂಗಿಗೂ ಇನ್ನೂ ವ್ಯತ್ಯಾಸ ತಿಳಿಯುವುದಿಲ್ಲ. ಚೀಲದಲ್ಲಿ ಬೇರೆ ಅನೆಸ್ತಿಸ್‌ನ ಈರುಳ್ಳಿ ಇದೆ. ಕಾಗದವನ್ನು ಮಡಿಚಿ ಜೇಬಿಗಿಟ್ಟೆ, ಮುಂದಿನ ವಾರ ಬರೆದರಾಯಿತು.

ಮನೆಗೆ ಬಂದೆ. ಎವಾಂತಿಯಾ ಅಡುಗೆಮನೆಯಿಂದಲೇ, "ಬಾಗಿಲು ಮುರೀಬೇಡ, ಪಕ್ಕದ ಬೀದಿಯವರಿಗೂ ನೀನು ಬಂದದ್ದು ಗೊತ್ತಾಯ್ತು" ಎಂದಳು. ಇವಳಿಗೆ ಇತ್ತೀಚೆಗೆ ಸಣ್ಣ ಸದ್ದೂ ದೊಡ್ಡದಾಗಿ ಕೇಳಿಸುತ್ತಿದೆ. ಕಿವಿ ತೋರಿಸಬೇಕು.

ಕಿವಿ ವಾಸಿಯಾಯಿತು ಎಂದೆ. ಕೈ ಒರೆಸಿಕೊಂಡು ಬಂದು ಎರಡೂ ಕೆನ್ನೆಗೆ ಮುತ್ತಿಟ್ಟಳು. "ಹಾಗಾದ್ರೆ ನಿನ್ನ ಹಡಗಿಗೆ ವಾಪಸ್ ಯಾವಾಗ?"

"ನಾಳೆ ಬೆಳಿಗ್ಗೆ ಏಳಕ್ಕೆ. ನಮ್ಮ ಎಂಜಿನ್ ಪರೀಕ್ಷೆ ಇದೆ."

"ನಿನ್ನ ಲೋಟ ಎಲ್ಲಿದೆ?"

"ಕೊಕ್ಕೇಲಿ."

"ಯಾವ ಹಡಗಿನ ಕೊಕ್ಕೇಲಿ?"

"ಯಾವ ಹಡಗು ಅಂದ್ರೆ? ಹಡಗಲ್ಲಿ" ಎಂದೆ.

ಅವಳು ಕುರ್ಚಿಯಲ್ಲಿ ಕುಸಿದು ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. ಏನಾಯಿತು ಎಂದು ಎರಡು ಸಲ ಕೇಳಿದೆ, ಹೇಳಲಿಲ್ಲ. ನಾವಿಕನನ್ನು ಮದುವೆಯಾಗಿ ಹತ್ತೊಂಬತ್ತು ವರ್ಷವಾಯಿತು, ಹಡಗಿನ ವಿಷಯ ಇವಳ ತಲೆಗೆ ಇನ್ನೂ ಹೋಗುವುದಿಲ್ಲ.